ಮೈಲಿಗೆ ಐದೂವರೆ ನಿಮಿಷ

ಇದು ಆಗೋ ಮಾತಲ್ಲ ಎಂದು ಮೊದಲು ಹೇಳಿದವನು ನಮ್ಮಪ್ಪ. ಹೇಳುವಾಗ ತಟ್ಟೆಯಿಂದ ತಲೆಯನ್ನೂ ಎತ್ತಲಿಲ್ಲ.

"ಓಡಿದ್ರೆ ಕಾಲೇಜಿಗೆ ಸೇರಿಸ್ಕೋತಾರಾ? ಯಾರೇ ಹೇಳಿದ್ದು ನಿಂಗೆ?"

"ಕೋಚು ಹೇಳಿದ್ರು."

"ಓದಿದ್ರೇ ಸೇರಿಸ್ಕೊಳ್ಳೋದು ಕಷ್ಟ. ಕಾಲು ನೋಡಿ ಸೀಟು ಕೊಡೋಕೆ ಅದೇನು ಎತ್ತಿನ ಜಾತ್ರೇನಾ?"

ಅಮ್ಮ ಸೆರಗು ಬಾಯಿಗಿಟ್ಟುಕೊಂಡು ನಕ್ಕಳು. ನನಗೆ ನಗು ಬರಲಿಲ್ಲ. ನನಗಾಗ ಹದಿನಾರು ವರ್ಷ. ಹೇವರ್ಡಿನ ಸರ್ಕಾರಿ ಹೈಸ್ಕೂಲಿನಲ್ಲಿ ಮೈಲಿ ಓಡುತ್ತಿದ್ದೆ. ಟ್ರ್ಯಾಕಿನಲ್ಲಿ ನಾಲ್ಕು ಸುತ್ತು. ಸರಿಯಾದ ಮೈಲಿಗಿಂತ ಒಂಬತ್ತು ಮೀಟರ್ ಕಡಿಮೆಯಾದರೂ ಎಲ್ಲರೂ ಅದನ್ನು ಮೈಲಿಯೆಂದೇ ಕರೆಯುತ್ತಾರೆ. ಆಗ ನನಗೆ ಐದು ನಿಮಿಷ ಐವತ್ತೆರಡು ಸೆಕೆಂಡು ಬೇಕಾಗುತ್ತಿತ್ತು. ಮುಂದಿನ ವರ್ಷದ ಕೊನೆಯ ರೇಸಿನೊಳಗೆ ಅದನ್ನು ಐದೂವರೆ ನಿಮಿಷಕ್ಕಿಂತ ಕೆಳಗೆ ತಂದರೆ, ಗುಡ್ಡದ ಮೇಲಿನ ಸ್ಟೇಟ್ ಯೂನಿವರ್ಸಿಟಿಯ ತಂಡದವರ ಹತ್ತಿರ ತಾವೇ ಮಾತಾಡುವುದಾಗಿ ಕೋಚು ಹೇಳಿದ್ದರು. ತಂಡಕ್ಕೆ ಸೇರಿಸಿಕೊಂಡರೆ ಫೀಸಿನ ಭಾರ ಬಹಳ ಇಳಿಯುತ್ತಿತ್ತು. ಬೇರೆ ದಾರಿ ನಮಗಿರಲಿಲ್ಲ.

ನಮ್ಮ ಮನೆತನದಲ್ಲಿ ಹತ್ತನೆಯ ತರಗತಿ ದಾಟಿದವರಿಲ್ಲ. ಅಪ್ಪ ಎಸ್ಸೆಸ್ಸೆಲ್ಸಿ ಗಣಿತಕ್ಕೆ ಎರಡು ಸಲ ಕೂತು, ಮೂರನೆಯ ಸಲ ಪರೀಕ್ಷೆಯ ದಿನವೇ ಹಾಸನದ ಮದುವೆ ಅಡುಗೆಯವರ ಜೊತೆ ಬಸ್ಸು ಹತ್ತಿದವನು. ಅವನ ಅಣ್ಣ, ನಮ್ಮ ದೊಡ್ಡಪ್ಪ, ಅವನಿಗಿಂತ ಒಂದು ಕ್ಲಾಸು ಕಡಿಮೆ. ಅಮ್ಮ ಏಳನೆಯ ಕ್ಲಾಸು. ನನಗೆ ಹತ್ತು ವರ್ಷವಾಗಿದ್ದಾಗ ಇಲ್ಲಿನ ಒಂದು ದೇವಸ್ಥಾನದವರು ಅಡುಗೆಮನೆಗೆಂದು ಅಪ್ಪನನ್ನು ವೀಸಾ ಕೊಡಿಸಿ ಈ ದೇಶಕ್ಕೆ ಕರೆಸಿಕೊಂಡರು. ಅಮ್ಮನೂ ನಾನೂ ಹಿಂದೆಯೇ ಬಂದೆವು.

ಶನಿವಾರ ಭಾನುವಾರ ನಾನೂ ಅಲ್ಲಿ ಬಡಿಸಲು ಹೋಗುತ್ತಿದ್ದೆ. ಡ್ಯಾನ್‌ವಿಲ್ಲು, ಸರಟೋಗಾಗಳ ದೊಡ್ಡ ಮನೆಗಳಿಂದ ಬರುವವರು ಅಪ್ಪನ ಪುಳಿಯೋಗರೆಗೆ ಸಾಲು ನಿಲ್ಲುತ್ತಿದ್ದರು. ಒಮ್ಮೆ ಒಬ್ಬ ಆಂಟಿ ನನ್ನನ್ನು ತಡೆದು ಕೇಳಿದರು.

"ನೀನು ಅಡುಗೆ ಭಟ್ಟರ ಮಗಳಲ್ವಾ? ನಮ್ಮವನು ರೊಬೊಟಿಕ್ಸ್ ಕ್ಲಬ್ಬಲ್ಲಿದಾನೆ. ನೀನೇನಮ್ಮ ಮಾಡ್ತೀಯ?"

"ಓಡ್ತೀನಿ ಆಂಟಿ."

"ಓಡ್ತೀಯಾ? ಎಲ್ಲಿಗೆ?"

"ಎಲ್ಲಿಗೂ ಇಲ್ಲ ಆಂಟಿ. ಹೊರಟಲ್ಲಿಗೇ ಬರ್ತೀನಿ."

ಅವರು ನಗಬೇಕೋ ಬೇಡವೋ ತಿಳಿಯದೆ ಕೋಸಂಬರಿ ಹಾಕಿಸಿಕೊಂಡು ಹೋದರು. ಒಳಗೆ ಒಲೆಯ ಮುಂದಿದ್ದ ಅಪ್ಪನಿಗೆ ಅದು ಕೇಳಿಸಿತ್ತು. ಮಾರನೆಯ ದಿನ ಬೆಳಗ್ಗೆ ಆರಕ್ಕೆ ನಾನು ಶೂ ಕಟ್ಟಿಕೊಂಡು ಹೊರಬಂದರೆ, ಅವನು ಕಾರಿನಲ್ಲಿ ಕೂತಿದ್ದ.

"ಹಿಂದಿನ ಸೀಟಲ್ಲಿ ಕೂತ್ಕೋ. ಮುಟ್ಬೇಡ, ಸ್ನಾನ ಆಗಿದೆ. ಕತ್ತಲಲ್ಲಿ ಒಬ್ಬಳೇ ಹೋಗೋದು ಬೇಡ."

ಅಪ್ಪನ ಮಡಿಯ ಬಗ್ಗೆ ಇಲ್ಲಿ ಸ್ವಲ್ಪ ಹೇಳಬೇಕು. ನೈವೇದ್ಯ ಮಾಡುವವನಾದ್ದರಿಂದ ಬೆಳಗಿನ ಸ್ನಾನವಾದ ಮೇಲೆ ಮಧ್ಯಾಹ್ನದ ಪೂಜೆ ಮುಗಿಯುವವರೆಗೆ ಅವನನ್ನು ಯಾರೂ ಮುಟ್ಟುವಂತಿರಲಿಲ್ಲ. ಊರಿನಲ್ಲಾದರೆ ಬಾವಿಯಿಂದ ಒಲೆಗೆ ಹತ್ತು ಹೆಜ್ಜೆ. ಇಲ್ಲಿ ನಡುವೆ ಫ್ರೀವೇ ಇತ್ತು. ಅದಕ್ಕೆ ಕಾರಿನ ಸೀಟಿಗೆ ಉಣ್ಣೆಯ ಧಾಬಳಿ ಹೊದಿಸಿದ್ದ. ಉಣ್ಣೆಗೆ ಮೈಲಿಗೆಯಿಲ್ಲ ಎಂಬುದು ಅವನ ಶಾಸ್ತ್ರ. ಚಳಿಗೂ ಉಣ್ಣೆಯ ಶಾಲೇ. ಟ್ರ್ಯಾಕಿನ ಒಳಗೆ ಜನ ನಾಯಿ ಕರೆದುಕೊಂಡು ಬರುತ್ತಿದ್ದರಿಂದ ಅವನು ತಂತಿಬೇಲಿಯ ಹೊರಗೆ, ಗೇಟಿನ ಪಕ್ಕ, ಕಚ್ಚೆಪಂಚೆ ಉಟ್ಟು ನಿಲ್ಲುತ್ತಿದ್ದ. ಫುಟ್‌ಬಾಲ್ ಆಡುವ ಹುಡುಗರು ಮೊದಮೊದಲು ನಕ್ಕರು. ಆಮೇಲೆ ಅವರೇ ದೂರದಿಂದ ಕೈಮುಗಿದು "ನಮಸ್ತೆ ಸರ್" ಎನ್ನಲು ಕಲಿತರು.

ಮೂರು ದಿನ ಸುಮ್ಮನೆ ನಿಂತಿದ್ದವನು ನಾಲ್ಕನೆಯ ದಿನ ಕೇಳಿದ.

"ಎಷ್ಟಕ್ಕೆ ಬರ್ಬೇಕು ನೀನು?"

"ಐದೂವರೆಗೆ."

"ಐದೂವರೆಗೆ ಇನ್ನೂ ಮನೇಲೇ ಇದ್ವಲ್ಲೇ!"

ಗಂಟೆಯಲ್ಲ, ನಿಮಿಷ ಎಂದು ಬಿಡಿಸಿ ಹೇಳಿದೆ. ಮಾರನೆಯ ದಿನ ಅಡುಗೆಮನೆಯ ಟೈಮರು ತಂದ. ಅನ್ನಕ್ಕಿಡುವ, ಹಿಂದೆ ಅಯಸ್ಕಾಂತವಿರುವ ಬಿಳಿ ಟೈಮರು. ಅಲ್ಲಿಂದ ಹದಿಮೂರು ತಿಂಗಳು, ದೇವಸ್ಥಾನದ ದೊಡ್ಡ ಹಬ್ಬಗಳನ್ನು ಬಿಟ್ಟರೆ, ಅಪ್ಪ ಒಂದು ದಿನವೂ ತಪ್ಪಿಸಲಿಲ್ಲ.

ಓಟದ ಬಗ್ಗೆ ಅವನಿಗೆ ಏನೂ ಗೊತ್ತಿರಲಿಲ್ಲ. ಉರಿಯ ಬಗ್ಗೆ ಗೊತ್ತಿತ್ತು.

"ಮೊದಲ್ನೇ ಸುತ್ತಿಗೇ ಅಷ್ಟು ಉರಿ ಹಾಕ್ತಾರೇನೇ? ತಳ ಹಿಡಿಯುತ್ತೆ."

ಇನ್ನೊಂದು ದಿನ: "ಮೂರನೇ ಸುತ್ತಲ್ಲಿ ಕೈ ಬಿಡ್ತಿದೀಯ. ಪಾಕ ಬರೋ ಹೊತ್ತಿಗೆ ಸೌಟು ಬಿಟ್ಟು ಅತ್ತಿತ್ತ ನೋಡ್ತಾರಾ? ನಾಲ್ಕನೇದು ತಾನಾಗೇ ಆಗುತ್ತೆ. ಮೂರನೇದು ನೋಡ್ಕೋ."

ಕೋಚು ಕೂಡ ಇದನ್ನೇ ಹೇಳುತ್ತಿದ್ದರು, ಚಾರ್ಟು ಹಾಕಿ. ನನಗೆ ತಲೆಗೆ ಹೋದದ್ದು ಅಪ್ಪ ಹೇಳಿದ್ದು. ಐವತ್ತೆರಡಿದ್ದದ್ದು ನಲವತ್ತಾರಾಯಿತು, ನಲವತ್ತಾಯಿತು. ಅಪ್ಪನ ಹೊಟ್ಟೆಯೂ ಒಂದು ಸುತ್ತು ಕರಗಿತು, ಬೇಲಿಯುದ್ದಕ್ಕೂ ನನ್ನ ಜೊತೆ ಹತ್ತಿಪ್ಪತ್ತು ಹೆಜ್ಜೆ ಓಡಿ ಓಡಿ.

ಭಾನುವಾರ ಸಂಜೆ ಅವನು ಊರಿಗೆ ಫೋನು ಮಾಡುವುದು ವಾಡಿಕೆ. ಒಂದು ಭಾನುವಾರ ಉತ್ಸಾಹದಲ್ಲಿ, ಹಿಂದೆಮುಂದೆ ಏನೂ ಹೇಳದೆ, ದೊಡ್ಡಪ್ಪನಿಗೆ ಶುರುಮಾಡಿದ.

"ಅಣ್ಣಾ, ಮೈಲಿಗೆ ಐದು ನಿಮಿಷ ನಲವತ್ತು!"

ಸ್ಪೀಕರಿನಲ್ಲಿ ದೊಡ್ಡಪ್ಪನ ಗಾಬರಿಯ ದನಿ: "ಅಯ್ಯೋ ರಾಮ. ಮೈಲಿಗೆಯಾ? ಯಾರು ಹೋದ್ರೋ?"

ಅಮ್ಮ ಫೋನು ಕಸಿದುಕೊಂಡಳು. "ಯಾರೂ ಹೋಗಿಲ್ಲ ಭಾವ! ಮೈಲಿ, ಮೈಲಿ. ಮೈಲಿಕಲ್ಲು ಇರುತ್ತಲ್ಲ, ಆ ಮೈಲಿ. ನಿಮ್ಮ ಮಗಳು ಓಡ್ತಿದಾಳೆ."

"ಥೂ ನಿನ್ನ. ಸ್ನಾನಕ್ಕೆ ನೀರು ಕಾಯ್ಸೋಕೆ ಹೇಳೋನಿದ್ದೆ," ಎಂದು ದೊಡ್ಡಪ್ಪ ತಮ್ಮನಿಗೆ ಚೆನ್ನಾಗಿ ಬೈದರು. ನಾವು ಮೂವರೂ ಅಡುಗೆಮನೆಯ ನೆಲದ ಮೇಲೆ ಕೂತು ಕಣ್ಣಲ್ಲಿ ನೀರು ಬರುವಷ್ಟು ನಕ್ಕೆವು. ಅಂದಿನಿಂದ ಅದೊಂದು ತಮಾಷೆಯಾಯಿತು. ಪ್ರತಿ ಭಾನುವಾರ ದೊಡ್ಡಪ್ಪನೇ ಕೇಳುತ್ತಿದ್ದರು: "ಏನಮ್ಮ, ಈ ವಾರ ಮೈಲಿಗೆ ಎಷ್ಟು?" ಸೂತಕದ ಮಾತನ್ನು ಹೀಗೆ ತಮಾಷೆ ಮಾಡಬಾರದು ಎಂದು ಅಮ್ಮ ಗೊಣಗುತ್ತಿದ್ದಳು. ಯಾರೂ ಕೇಳಲಿಲ್ಲ.

ಮುಂದಿನ ವರ್ಷದ ಏಪ್ರಿಲ್ ಹೊತ್ತಿಗೆ ಶಾಲೆಯ ರೇಸುಗಳಲ್ಲಿ ಐದು ಮೂವತ್ತನಾಲ್ಕರವರೆಗೆ ಬಂದಿದ್ದೆ. ಅಲ್ಲಿಗೆ ನಿಂತಿತು. ಮೂರು ರೇಸು ಓಡಿದರೂ ಅದೇ ಮೂವತ್ತನಾಲ್ಕು, ಇಲ್ಲವೆ ಮೂವತ್ತೈದು. ಉಳಿದಿದ್ದದ್ದು ಸುತ್ತಲಿನ ಶಾಲೆಗಳ ಲೀಗಿನ ಫೈನಲ್ ಒಂದೇ. ಅದಕ್ಕೆ ಮೂರು ವಾರವಿತ್ತು. ನನಗೆ ನಿದ್ದೆ ಸರಿಯಾಗಿ ಬರುತ್ತಿರಲಿಲ್ಲ. ಅಪ್ಪ ಬೆಳಗ್ಗೆ ಆರಕ್ಕೆ ಕಾರಿನಲ್ಲಿ ಕೂತಿರುತ್ತಿದ್ದ, ಅಷ್ಟೇ.

ಆ ವಾರದ ಗುರುವಾರ ಬೆಳಗ್ಗೆ, ದಿನವೂ ಪಕ್ಕದ ಕೊಲ್ಲಿಯಿಂದ ಬೀಸುವ ಗಾಳಿಯಿರಲಿಲ್ಲ. ಮೊದಲನೆಯ ಸುತ್ತು ತಡೆದು ಓಡಿದೆ. ಎರಡನೆಯದರಲ್ಲಿ ಉಸಿರು ಹದಕ್ಕೆ ಬಂತು. ಮೂರನೆಯದರಲ್ಲಿ ಅಪ್ಪ ಬೇಲಿಯಾಚೆ ಪಂಚೆ ಎತ್ತಿಕಟ್ಟಿ ಓಡುತ್ತ "ಬಿಡ್ಬೇಡ, ಬಿಡ್ಬೇಡ, ತಿರುವು, ತಿರುವು!" ಎಂದು ಕೂಗುತ್ತಿದ್ದ. ಅದು ಸೌಟು ತಿರುವುವ ಮಾತು ಎಂದು ಗೊತ್ತಾಗಿ ಓಡುತ್ತಲೇ ನಗು ಬಂತು. ನಾಲ್ಕನೆಯದು ನಿಜವಾಗಿಯೂ ತಾನಾಗೇ ಆಯಿತು. ಗೆರೆ ದಾಟಿ ಅವನ ಕಡೆ ತಿರುಗಿದೆ.

ಅವನು ಟೈಮರನ್ನು ಕಣ್ಣಿನ ಹತ್ತಿರ ತಂದ. "ಐದು ಇಪ್ಪತ್ತೆಂಟು," ಎಂದ. ಮತ್ತೆ ನೋಡಿ, "ಐದು ಇಪ್ಪತ್ತೆಂಟು ಕಣೇ!"

ನಾನು ಗೇಟು ದಾಟಿ ಓಡಿಹೋದೆ, ತೋಳು ಅಗಲಿಸಿಕೊಂಡು. ಅಪ್ಪ ಎರಡು ಹೆಜ್ಜೆ ಹಿಂದೆ ಸರಿದ. ಕೈ ಮುಂದೆ ಮಾಡಿ, ಊರಿನಲ್ಲಿ ದಾರಿಹೋಕರಿಗೆ ಹೇಳುವ ಹಾಗೆ ಹೇಳಿದ.

"ಏ, ಏ, ಮುಟ್ಬೇಡ! ಮಡೀಲಿದೀನಿ."

ನಾನು ಅಲ್ಲೇ ನಿಂತೆ. ಫುಟ್‌ಬಾಲ್ ಹುಡುಗರು ನೋಡುತ್ತಿದ್ದರು. ಅವರೆದುರಿಗೆ ನನ್ನ ತೋಳುಗಳು ಇನ್ನೂ ಅಗಲಿಸಿಕೊಂಡೇ ಇದ್ದವು.

ಆ ಹೊತ್ತಿನಲ್ಲಿ ಇಲ್ಲಿ ಹುಟ್ಟಿದ ಮಕ್ಕಳ ಹಾಗೆ ಇಂಗ್ಲಿಷಿನಲ್ಲಿ ಬೈದಿದ್ದರೆ ಅಪ್ಪನಿಗೆ ಅರ್ಧವೂ ತಿಳಿಯುತ್ತಿರಲಿಲ್ಲ. ನಾನು ಕನ್ನಡದಲ್ಲೇ ಹೇಳಿದೆ, ತಿಳಿಯಲಿ ಎಂದೇ.

"ನಿಂಗೆ ಮಗಳಿಗಿಂತ ಮಡಿ ಹೆಚ್ಚಲ್ವಾ? ಇಟ್ಕೋ. ನಾಳೆಯಿಂದ ಬರ್ಬೇಡ. ನಂಗೆ ನಾಚ್ಕೆ ಆಗುತ್ತೆ ನೀನು ಇಲ್ಲಿ ಹೀಗೆ ನಿಂತ್ರೆ."

ಅಪ್ಪ ಟೈಮರನ್ನು ನೋಡಿಕೊಂಡ. ಅದಿನ್ನೂ ಅದೇ ಅಂಕಿ ತೋರಿಸುತ್ತಿತ್ತು. "ಸರಿ," ಎಂದ. ಕಾರು ಹತ್ತಿ ಹೋದ. ನಾನು ಮನೆಗೆ ನಡೆದುಕೊಂಡು ಬಂದೆ.

ಶಾಲೆಯಲ್ಲಿ ಕೋಚಿಗೆ ಹೇಳಿದೆ. ಅವರಿಗೆ ಸಂತೋಷವೇ ಆಯಿತು. "ಟೈಮ್ ಹಿಡಿದವರು ಯಾರು?" ಎಂದು ಕೇಳಿದರು. "ನಮ್ಮಪ್ಪ, ಬೇಲಿಯ ಹೊರಗಿನಿಂದ," ಎಂದೆ. "ಸರಿ, ಇದನ್ನೇ ಫೈನಲಿನಲ್ಲಿ ಮಾಡು. ಆಗ ಎಲ್ಲರಿಗೂ ತೋರಿಸಬಹುದು," ಎಂದರು. ಅವರು ಹೇಳಿದ್ದರಲ್ಲಿ ತಪ್ಪಿರಲಿಲ್ಲ.

ಇನ್ನೊಂದು ಸ್ನಾನ ಮಾಡಿದ್ದರೆ ಆಗುತ್ತಿತ್ತು. ದೇವಸ್ಥಾನದಲ್ಲಿ ಬಚ್ಚಲಿತ್ತು, ಬಿಸಿನೀರಿತ್ತು. ಅವನಿಗೆ ಆ ಕ್ಷಣದಲ್ಲಿ ಅದು ಹೊಳೆಯಲಿಲ್ಲ. ಮೂವತ್ತು ವರ್ಷ ಒಲೆಯ ಮುಂದೆ ನಿಂತವನ ಕಾಲು ತಾನಾಗೇ ಹಿಂದೆ ಸರಿಯಿತು. ಇದು ನನಗೆ ಈಗ ಅರ್ಥವಾಗುತ್ತದೆ. ಆಗ ಅರ್ಥವಾಗಬಾರದಿತ್ತೇ ಎಂದರೆ, ಆಗಬಹುದಿತ್ತು. ಚಿಕ್ಕಂದಿನಿಂದ ನೋಡಿದ್ದೇ ಅದು.

ಮಾರನೆಯ ಬೆಳಗ್ಗೆ ಕಾರಿನಲ್ಲಿ ಅವನಿರಲಿಲ್ಲ. ಬರಬೇಡ ಎಂದವಳು ನಾನೇ. ಆದರೂ ಅವನು ಬರಲಿಲ್ಲವೆಂದು ಸಿಟ್ಟು ಇನ್ನೂ ಹೆಚ್ಚಾಯಿತು. ಹತ್ತು ದಿನ ಹಾಗೇ ಹೋಯಿತು. ಮನೆಯಲ್ಲಿ ಅವನು ಅಮ್ಮನನ್ನು ಕೇಳುವುದು ನನ್ನ ಕೋಣೆಗೆ ಕೇಳಿಸುತ್ತಿತ್ತು: "ಇವತ್ತೆಷ್ಟು ಬಂತಂತೆ?" ಅಮ್ಮ ಬಾಗಿಲ ಹತ್ತಿರ ಬಂದು, "ನಿಮ್ಮಪ್ಪ ಕೇಳ್ತಿದಾರೆ, ಎಷ್ಟು ಬಂತು?" ಎನ್ನುತ್ತಿದ್ದಳು. ನಾನು ಕಿವಿಗೆ ಇಯರ್‌ಫೋನು ಹಾಕಿಕೊಂಡು ಕೇಳದವಳ ಹಾಗೆ ಕೂತಿರುತ್ತಿದ್ದೆ. ಅದರಲ್ಲಿ ಹಾಡೇನೂ ಬರುತ್ತಿರಲಿಲ್ಲ.

ಹನ್ನೊಂದನೆಯ ದಿನ ಬೆಳಗ್ಗೆ ಹತ್ತೂವರೆಗೆ ಅಪ್ಪ ದೇವಸ್ಥಾನದ ಅಡುಗೆಮನೆಯಲ್ಲಿ ಒಲೆಯ ಮುಂದೆ ಕುಸಿದ. ನನ್ನನ್ನು ಕ್ಲಾಸಿನಿಂದ ಕರೆದರು. ಆಸ್ಪತ್ರೆಗೆ ಹೋಗುವ ಹೊತ್ತಿಗೆ ಎಲ್ಲ ಮುಗಿದಿತ್ತು. ಪಂಚೆಯಲ್ಲೇ ಮಲಗಿಸಿದ್ದರು. ಕೈಗೆ ಹುಣಿಸೆ ಗೊಜ್ಜಿನ ವಾಸನೆಯಿತ್ತು. ಈಗ ಮುಟ್ಟಬಹುದಿತ್ತು, ಬೇಡವೆನ್ನುವವರು ಯಾರೂ ಇರಲಿಲ್ಲ. ನಾನು ಆ ಕೈ ಹಿಡಿದುಕೊಂಡು ಎಷ್ಟು ಹೊತ್ತು ಕೂತಿದ್ದೆನೋ ಗೊತ್ತಿಲ್ಲ.

ಸಂಜೆ ಅಮ್ಮ ಗೋಡೆಗೆ ಒರಗಿ ಕೂತವಳು ಏಳಲಿಲ್ಲ. "ನಿಮ್ಮ ದೊಡ್ಡಪ್ಪನಿಗೆ ಫೋನ್ ಮಾಡು. ಅವ್ರೂ ಹಿಡೀಬೇಕು," ಎಂದಳು. ಸೂತಕ ಹಿಡಿಯಬೇಕು ಎಂದು. ನಾನು ಫೋನು ಮಾಡಿದೆ. ಅಲ್ಲಿ ಬೆಳಗಾಗಿತ್ತು, ಹಿಂದೆ ಯಾರೋ ಅಂಗಳ ಗುಡಿಸುವ ಸದ್ದು. 'ಸತ್ತ' ಎಂಬ ಮಾತು ನನ್ನ ಬಾಯಿಗೆ ಬರಲಿಲ್ಲ. 'ಹೋಗಿಬಿಟ್ಟ' ಎಂಬುದೂ ಬರಲಿಲ್ಲ. ಆ ಮಾತುಗಳನ್ನು ಹೇಳದೆ ವಿಷಯ ತಿಳಿಸುವ ಒಂದೇ ಒಂದು ಮಾತು ನನಗೆ ಗೊತ್ತಿತ್ತು. ಅದನ್ನೇ ಹೇಳಿದೆ.

"ದೊಡ್ಡಪ್ಪ, ಮೈಲಿಗೆ..."

ಅವರ ದನಿ ಅರಳಿತು. "ಓಹೋ! ಎಷ್ಟು ಬಂತಮ್ಮ? ಇಪ್ಪತ್ತೆಂಟಕ್ಕಿಂತ ಕಮ್ಮಿ ಮಾಡಿದ್ಯಾ? ಹೋದ ಭಾನುವಾರ ನಿಮ್ಮಪ್ಪ ಅದನ್ನೇ ಹೇಳಿದ್ದೂ ಹೇಳಿದ್ದೇ, ಫೋನ್ ಇಡೋಕೇ ಬಿಡ್ಲಿಲ್ಲ. ಊರಲ್ಲಿ ಎಲ್ಲರಿಗೂ ಹೇಳಿದೀನಿ ನಾನು. ಹೇಳು, ಎಷ್ಟು?"

ಅವರು ಇನ್ನೆರಡು ಸಲ "ಹೇಳಮ್ಮ, ಎಷ್ಟು?" ಎಂದರು. ಆಮೇಲೆ ಅಂಗಳ ಗುಡಿಸುವ ಸದ್ದು ಮಾತ್ರ ಬರುತ್ತಿತ್ತು. ಬಹಳ ಹೊತ್ತಿನ ಮೇಲೆ, ಬೇರೆ ಯಾರದೋ ಎನ್ನುವಂಥ ದನಿಯಲ್ಲಿ ಕೇಳಿದರು: "ಯಾರಮ್ಮ?"

"ಅಪ್ಪ," ಎಂದೆ.

ಹೀಗೆ ನಮ್ಮ ದೊಡ್ಡಪ್ಪನಿಗೆ ತಮ್ಮ ತೀರಿಕೊಂಡ ಸುದ್ದಿ ತಿಳಿಯಿತು. ಅವರು ಇಲ್ಲಿಗೆ ಬರುವುದು ಸಾಧ್ಯವಿರಲಿಲ್ಲ. ಗಂಡುಮಕ್ಕಳಿಲ್ಲದ ಮನೆ, ಇಲ್ಲಿನ ಚಿತಾಗಾರದಲ್ಲಿ ಕೊನೆಯ ಬಟನ್ ಒತ್ತಿದವಳು ನಾನು. ಉಳಿದ ಕರ್ಮವನ್ನು ದೊಡ್ಡಪ್ಪ ಊರಿನಲ್ಲೇ ಮಾಡಿದರು.

ಲೀಗಿನ ಫೈನಲ್ ಬಿದ್ದದ್ದು ಒಂಬತ್ತನೆಯ ದಿನ. ಕೋಚು ಮನೆಗೆ ಬಂದು, ಓಡದಿದ್ದರೂ ಪರವಾಗಿಲ್ಲ, ನಿನ್ನ ಮನಸ್ಸು ಹೇಗೋ ಹಾಗೆ, ಎಂದು ಹೇಳಿ ಹೋದರು. ನಾನು ಶೂ ಮುಟ್ಟಿರಲಿಲ್ಲ. ಅಮ್ಮನೇ ಅವನ್ನು ಬಾಗಿಲ ಹತ್ತಿರ ತಂದಿಟ್ಟಳು.

"ಹೋಗು."

"ಅಮ್ಮಾ, ಇನ್ನೂ ಹತ್ತು ದಿನ ಆಗಿಲ್ಲ."

"ದೇವಸ್ಥಾನಕ್ಕೆ ಹೋಗ್ಬಾರ್ದು, ಅಷ್ಟೇ. ಓಡ್ಬಾರ್ದು ಅಂತ ಯಾರೂ ಬರೆದಿಟ್ಟಿಲ್ಲ. ವರ್ಷವೆಲ್ಲ ಅಲ್ಲಿ ಚಳೀಲಿ ನಿಂತಿದ್ದು ಯಾತಕ್ಕೆ ಅವ್ರು?"

ಓಡಿದೆ. ಮೊದಲೆರಡು ಸುತ್ತು ಸರಿಯಾಗಿಯೇ ಬಂದವು. ಮೂರನೆಯದರಲ್ಲಿ ನಾನು ಬೇಲಿಯ ಕಡೆ ನೋಡಬಾರದೆಂದುಕೊಂಡಿದ್ದೆ. ಅದು ನಮ್ಮ ಶಾಲೆಯ ಬೇಲಿಯೂ ಆಗಿರಲಿಲ್ಲ, ಬೇರೆ ಊರಿನ ಟ್ರ್ಯಾಕು. ಆದರೂ ನೋಡಿದೆ. ಯಾರದೋ ಅಪ್ಪಂದಿರು ಐದಾರು ಜನ ಕಾಫಿ ಕಪ್ಪು ಹಿಡಿದು ನಿಂತಿದ್ದರು. ಅಷ್ಟರಲ್ಲಿ ಮುಂದಿದ್ದ ಹುಡುಗಿ ದೂರವಾಗಿದ್ದಳು.

ಐದು ನಿಮಿಷ ಮೂವತ್ತಮೂರು. ಬೋರ್ಡಿನ ಮೇಲೆ ಎಲ್ಲರಿಗೂ ಕಾಣುವ ಹಾಗೆ ಬಂತು. ಯೂನಿವರ್ಸಿಟಿಯ ತಂಡದವರಿಂದ ಉತ್ತರ ಬರಲಿಲ್ಲ. ನಾನು ಐದೂವರೆಯ ಕೆಳಗೆ ಓಡಿದ್ದು ಒಂದೇ ಸಲ. ಅದನ್ನು ಕಂಡವನು ಒಬ್ಬನೇ. ಅವನನ್ನು ನಾನು ಅವತ್ತೇ ಓಡಿಸಿಬಿಟ್ಟಿದ್ದೆ.

ಆಮೇಲಿನದು ಓಟದ ಕತೆಯಲ್ಲ, ನಡಿಗೆಯದು. ನಮ್ಮ ಗ್ರೀನ್ ಕಾರ್ಡು ಹಿಂದಿನ ವರ್ಷ ಬಂದಿದ್ದರಿಂದ ಇಲ್ಲೇ ಉಳಿದೆವು. ಅಮ್ಮ ಹೇವರ್ಡಿನ ಒಂದು ಗೋದಾಮಿನಲ್ಲಿ ಪ್ಯಾಕಿಂಗ್ ಕೆಲಸಕ್ಕೆ ಸೇರಿದಳು. ಇಂಗ್ಲಿಷ್ ಬಾರದವಳು ಎರಡೇ ವರ್ಷದಲ್ಲಿ ಹತ್ತು ಜನರ ಲೈನು ನೋಡಿಕೊಳ್ಳುವಂತಾದಳು. ನಾನೂ ಬೆಳಗಿನ ಹೊತ್ತು ಅಲ್ಲೇ ಡಬ್ಬಕ್ಕೆ ಟೇಪು ಅಂಟಿಸಿ, ಮಧ್ಯಾಹ್ನ ಕಡಿಮೆ ಫೀಸಿನ ಕಮ್ಯೂನಿಟಿ ಕಾಲೇಜಿಗೆ ಹೋಗುತ್ತಿದ್ದೆ. ಮೊದಲ ವರ್ಷ ಗಣಿತದಲ್ಲಿ ಫೇಲಾದೆ. ಮತ್ತೆ ಕೂತೆ. ಮೂರು ವರ್ಷ ಅಲ್ಲಿ, ಮೂರು ವರ್ಷ ಗುಡ್ಡದ ಮೇಲೆ, ಅದೇ ಯೂನಿವರ್ಸಿಟಿಯಲ್ಲಿ. ಅಲ್ಲಿನ ಓಟದ ತಂಡ ಅಭ್ಯಾಸ ಮಾಡುವ ಹೊತ್ತಿಗೆ ನನ್ನ ಬಸ್ಸು ಆ ಟ್ರ್ಯಾಕಿನ ಪಕ್ಕದಲ್ಲೇ ಹೋಗುತ್ತಿತ್ತು. ನಾನು ಆ ಕಡೆಯ ಕಿಟಕಿಗೆ ಕೂರುತ್ತಿರಲಿಲ್ಲ. ನಮ್ಮ ಮನೆತನದಲ್ಲಿ ಡಿಗ್ರಿ ಮಾಡಿದ ಮೊದಲನೆಯವಳು ನಾನು. ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ. ಯಾರೂ ಕರೆದು ಕೊಟ್ಟದ್ದಲ್ಲ ಅದು.

ಸಮಾರಂಭದ ದಿನ ವೇದಿಕೆಯ ಮೇಲೆ ಕೈಗೆ ಕೊಟ್ಟದ್ದು ಖಾಲಿ ಫೋಲ್ಡರು. ಇಲ್ಲಿ ಹಾಗೇ. ಅಮ್ಮ ಗಾಬರಿಯಾಗಿ, "ನಿಂಗೊಬ್ಬಳಿಗೇ ಹೀಗೆ ಮಾಡಿದ್ರಾ?" ಎಂದು ಪಕ್ಕದವರ ಫೋಲ್ಡರನ್ನೂ ಇಣುಕಿ ನೋಡಿದಳು. ಅಸಲು ಸರ್ಟಿಫಿಕೇಟು ಎರಡು ತಿಂಗಳ ಮೇಲೆ ಅಂಚೆಯಲ್ಲಿ ಬಂತು. ಅಮ್ಮ ಆಗಷ್ಟೇ ಗೋದಾಮಿನಿಂದ ಬಂದು, ಬೆರಳುಗಳಿಗೆ ಸುತ್ತಿಕೊಂಡಿದ್ದ ಪಟ್ಟಿ ಬಿಚ್ಚುತ್ತಿದ್ದಳು. ರಟ್ಟಿನ ಲಕೋಟೆ ಹರಿದು, ಒಳಗಿನದನ್ನು ತೆಗೆದು ಅವಳ ಕೈಗೆ ಕೊಟ್ಟೆ.

ಅವಳು ಕೈ ತೊಳೆದು ಬಂದು, ನೆಲದ ಮೇಲೆ ಕೂತು, ಅದನ್ನು ತೊಡೆಯ ಮೇಲಿಟ್ಟುಕೊಂಡಳು. ಗೋದಾಮಿನ ಚೀಟಿಗಳನ್ನು ಓದಿ ಓದಿ ಅವಳಿಗೆ ಇಂಗ್ಲಿಷ್ ಅಕ್ಷರ ಬಂದಿತ್ತು. ಪ್ರತಿ ಸಾಲಿನ ಕೆಳಗೂ ಬೆರಳಿಟ್ಟು ನಿಧಾನವಾಗಿ ಹೋದಳು. ನನ್ನ ಹೆಸರು ಸಿಕ್ಕಿತು, ಅದರ ಪಕ್ಕ ನಮ್ಮ ಊರ ಹೆಸರು. ಪಾಸ್‌ಪೋರ್ಟಿನಲ್ಲಿ ನನಗಿರುವ ಸರ್‌ನೇಮು ಅದೇ. ಕೊನೆಯ ಸಹಿಯವರೆಗೂ ಹೋಗಿ, ಮತ್ತೆ ಮೇಲಿನಿಂದ ಶುರುಮಾಡಿದಳು. ಆಮೇಲೆ ಅದನ್ನು ತಿರುಗಿಸಿ ಹಿಂಬದಿ ನೋಡಿದಳು. ಅಲ್ಲಿ ಏನೂ ಇರಲಿಲ್ಲ.

"ಏನಮ್ಮಾ ಹುಡುಕ್ತಿದೀಯ?"

"ನಿಮ್ಮಪ್ಪನ ಹೆಸರೇ ಇಲ್ವಲ್ಲೇ ಇದ್ರಲ್ಲಿ," ಎಂದಳು ಅಮ್ಮ. "ಓದಿದ್ದು ನೀನು, ಸರಿ. ಯಾರ ಮಗಳು ಅಂತ ಬೇಡ್ವಾ ಇವ್ರಿಗೆ?"